ಮುಂದಿನ ಎಡಬಾಗಿಲು

ಇಷ್ಟು ಸಣ್ಣ ವಿಷಯ ಹೇಳಲು ನಿಮ್ಮನ್ನು ಕೂರಿಸಿಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಳೆಯ ಕಾರೊಂದರ ಬಾಗಿಲಿನ ಒಳಮೈಗೆ ರೆಕ್ಸಿನ್ ಅಂಟಿಸಲು ಹೋದದ್ದು, ಅದು ಅಂಟದೆ ಹೋದದ್ದು, ನಡೆದದ್ದು ಇಷ್ಟೇ. ಇದರಲ್ಲಿ ಕಥೆ ಇದೆ ಎಂದು ವಾದಿಸುವ ಧೈರ್ಯ ನನಗಿಲ್ಲ. ಆ ಕಾರಿನ ಒಡೆಯ ಭೀಮಣ್ಣ ಹೀಗೆ ಅಂದುಕೊಂಡ, ಹಾಗೆ ನೊಂದುಕೊಂಡ ಎಂದು ಅವನ ಒಳಗೆ ಹೊಕ್ಕು ಬಂದವನಂತೆ ಬರೆಯುವ ಅಧಿಕಾರವಂತೂ ಇಲ್ಲವೇ ಇಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಶನಿವಾರ ಬೆಳಿಗ್ಗೆ ಬಿಸಿಲು ಕಾಂಪೌಂಡು ದಾಟಿ ಒಳಗೆ ಬೀಳುವ ಹೊತ್ತಿಗೆ ರೆಕ್ಸಿನ್ ಮತ್ತೆ ಎದ್ದಿತ್ತು. ಮುಂದಿನ ಎಡಬಾಗಿಲಿನ ಒಳಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆದು, ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಕೈಯೊರಗಿಗೆ ಹೊಸ ಕಪ್ಪು ರೆಕ್ಸಿನ್ ಸುತ್ತಿ, ಮೇಲೆ ಇಟ್ಟಿಗೆ ಹೇರಿ ಭೀಮಣ್ಣ ಮಲಗಿದ್ದ. ಈಗ ಇಟ್ಟಿಗೆ ಎತ್ತಿದರೆ ಅಂಚು ಸದ್ದಿಲ್ಲದೆ, ಸಾವಕಾಶವಾಗಿ, ತನಗೆ ಯಾವ ಅವಸರವೂ ಇಲ್ಲವೆಂಬಂತೆ ಮೇಲಕ್ಕೆ ಸುರುಳಿಯಾಯಿತು. ಅಂಟು ಎರಡು ಕಡೆಯೂ ಹಚ್ಚಿದ್ದ. ಹಚ್ಚಿ ಒಣಗಲು ಬಿಟ್ಟಿದ್ದ. ಮಗಳು ಸಂಘಮಿತ್ರಾ ಮೊಬೈಲಿನಲ್ಲಿ ತೋರಿಸಿದ ವಿಡಿಯೋದಲ್ಲಿ ಆ ಮನುಷ್ಯ ಏನೇನು ಮಾಡಿದ್ದನೋ ಅದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿದ್ದ. ಹಾಗೆ ಮಾಡಿಯೂ ಆಗದಿದ್ದಾಗ ಭೀಮಣ್ಣನಿಗೆ ಬರುವುದು ಸಿಟ್ಟಲ್ಲ, ಒಂದು ಹಳೆಯ ಅನುಮಾನ. ಹಗಲು ಗೊಬ್ಬರದ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಕಚೇರಿಯಲ್ಲಿ ಗುಮಾಸ್ತನಾಗಿ ಇಷ್ಟು ವರ್ಷವಾದರೂ, ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ, ಅದನ್ನು ತಾನು ಬರುವ ಮೊದಲೇ ಮಧ್ಯಾಹ್ನದ ಪಾಠದಲ್ಲಿ ಹೇಳಿ ಮುಗಿಸಿದ್ದಾರೆ ಎಂಬ ಅನುಮಾನ. ರೆಕ್ಸಿನ್ನಿನ ಅಂಚು ಕೂಡ ಅದನ್ನೇ ಹೇಳುತ್ತಿರುವಂತಿತ್ತು.

"ಎದ್ದೈತಾ?" ಹೆಂಡತಿ ರಮಾಬಾಯಿ ಹೊಸ್ತಿಲಿನಿಂದ ಕೇಳಿದಳು.

"ಹ್ಞೂಂ. ಎದ್ದೈತಿ."

"ನಿಮಗಿಂತ ಅದೇ ವಾಸಿ ಬಿಡ್ರಿ. ಹೊತ್ತು ಹುಟ್ಟೋದ್ರೊಳಗೆ ಎದ್ದು ಕೂತೈತಿ. ನಾಳೆ ಬೆಳಿಗ್ಗೆ ಸೊರಬಕ್ಕೆ ಹೋಗದೋ, ಇಲ್ಲೇ ಇದರ ಮುಂದೆ ಕೂತು ಭಜನೆ ಮಾಡದೋ?"

ಸೊರಬದಲ್ಲಿ ಭಾನುವಾರ ತಂಗಿ ಬಂಗಾರಮ್ಮನ ಹೊಸ ಮನೆಯ ಪ್ರವೇಶ. ಅವಳು ಹೋದ ವಾರವೇ ಫೋನು ಮಾಡಿದ್ದಳು. ಮದುವೆಯಾಗಿ ಹೋಗಿ ಮಾತೂ ಆ ಕಡೆಯದೇ ಆಗಿಬಿಟ್ಟಿದೆ. "ಅಣ್ಣ, ಎಂಥ ಮಾಡ್ತೀಯೋ ಗೊತ್ತಿಲ್ಲ ಮಾರಾಯ. ಅಪ್ಪನ್ನ ಈ ಸಲ ಮುಂದೆ ಕೂರಿಸ್ಕಂಡು ಬಾ. ಹೋದ್ ಸಲ ಹಿಂದಿನ ಮೂಲೆಯಿಂದ ಇಳಿದ್ನಲ್ಲ, ಚಪ್ಪಲಿನೂ ಇಲ್ದೆ, ನಮ್ಮ ಭಾವ ಇನ್ನೂ ನೆನೆಸ್ಕಂಡು ನಗ್ತಾರೆ." ಅದು ನಿಜ. ಕಾರು ತಂದ ಹೊಸದರಲ್ಲಿ ಮೊದಲ ಸಲ ಹೊರಟಾಗ ಅಪ್ಪ ಕೆಂಪಪ್ಪ, ಗುಡಿಗೆ ಹೋಗುವವನಂತೆ, ಚಪ್ಪಲಿಯನ್ನು ಮನೆಯ ಮುಂದೆ ಜೋಡಿಸಿಟ್ಟು ಕಾರು ಹತ್ತಿದ್ದ. ಶಿರಾಳಕೊಪ್ಪದಲ್ಲಿ ಚಹಾಕ್ಕೆ ಇಳಿದಾಗಲೇ ಅದು ಗೊತ್ತಾದದ್ದು. ಬರಿಗಾಲಲ್ಲಿ ಕಾದ ಟಾರಿನ ಮೇಲೆ ನಿಂತು, ಕಾಲು ಎತ್ತಿ ಎತ್ತಿ ಇಡುತ್ತ, "ಏನಾಗಲ್ಲ ಬಿಡು, ಏನಾಗಲ್ಲ" ಎಂದಿದ್ದ. ಅವತ್ತಿನಿಂದ ಎಷ್ಟು ಸಲ ಹೊರಟರೂ ಅಪ್ಪ ಹಿಂದಿನ ಸೀಟಿನ ಎಡಮೂಲೆಯಲ್ಲೇ, ಮಂಡಿ ಕೂಡಿಸಿ, ಎರಡು ಕೈಯನ್ನೂ ಮಂಡಿಯ ನಡುವೆ ಸಿಕ್ಕಿಸಿ ಕೂರುತ್ತಾನೆ. ಬೆನ್ನು ಸೀಟಿಗೆ ತಾಗಿಸುವುದಿಲ್ಲ. ಮುಂದೆ ಬಾ ಎಂದರೆ "ಇಲ್ಲೇ ಗಾಳಿ ಚಲೋ ಬರ್ತೈತಿ" ಎನ್ನುತ್ತಾನೆ. ಗಾಜು ಮುಚ್ಚಿದ್ದಾಗಲೂ ಹಾಗೆಯೇ ಅನ್ನುತ್ತಾನೆ.

ಯಾಕೆಂದು ಭೀಮಣ್ಣನಿಗೆ ಗೊತ್ತು, ಅಥವಾ ಗೊತ್ತು ಎಂದುಕೊಂಡಿದ್ದಾನೆ. ಈ ಬಿಳಿ ಎಸ್ಟೀಮ್ ಕಾರು ಮೊದಲು ಅಕ್ಕಿ ಗಿರಣಿಯ ಉಚ್ಚಂಗಪ್ಪ ಸಾಹುಕಾರರದ್ದು. ಕೆಂಪಪ್ಪ ಆ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವನು, ಮೂಟೆ ಇಲ್ಲದ ಹೊತ್ತಿನಲ್ಲಿ ಈ ಕಾರು ತೊಳೆಯುತ್ತಿದ್ದವನು. ಸಾಹುಕಾರರು ತಾವು ಓಡಿಸುತ್ತಿರಲಿಲ್ಲ; ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಎಡ ಮೊಣಕೈಯನ್ನು ಬಾಗಿಲಿನ ಕೈಯೊರಗಿಗೆ ಊರಿ ಹೋಗುತ್ತಿದ್ದರು. ರಸ್ತೆಯ ಬದಿಯಲ್ಲಿ ನಿಂತವರಿಗೆ ಮೊದಲು ಕಾಣುತ್ತಿದ್ದುದು ಆ ಮೊಣಕೈ. ಸಾಹುಕಾರರು ತೀರಿಹೋದ ಮೇಲೆ ಗಿರಣಿ ಮುಚ್ಚಿ, ಷೆಡ್ಡಿನಲ್ಲಿ ಧೂಳು ಹಿಡಿದಿದ್ದ ಕಾರನ್ನು ಅವರ ಮಗ ಮಾರುತ್ತಾನಂತೆ ಎಂದು ಕೇಳಿದಾಗ ಭೀಮಣ್ಣನಿಗೆ ಬೇರೆ ಯಾವ ಕಾರೂ ಬೇಕೆನಿಸಲಿಲ್ಲ. ಇದನ್ನೇ ತಂದು ಅಪ್ಪನ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದ. ಕೆಂಪಪ್ಪ ಒಂದು ಸುತ್ತು ಬಂದ. ಬಾಗಿಲನ್ನು ಮುಟ್ಟದೆ, ಹಿಂದಿನ ಡಿಕ್ಕಿಯ ಮುಚ್ಚಳ ಎತ್ತಿ ಒಳಗೆ ನೋಡಿ, ಮುಚ್ಚಿ, ಮನೆಯೊಳಗೆ ಹೋಗಿ ಮಲಗಿದ.

ಡಿಕ್ಕಿಯನ್ನು ಯಾಕೆ ನೋಡಿದ ಎಂಬುದೂ ಭೀಮಣ್ಣನಿಗೆ ಗೊತ್ತು. ಸ್ಕ್ರೂಡ್ರೈವರಿನಿಂದ ಹಳೆಯ ಅಂಟು ಕೆರೆಯುತ್ತ ಕೂತವನಿಗೆ, ಬೇಡವೆಂದರೂ, ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಿಗೆ ಬಂತು. ಸಾಹುಕಾರರ ಮನೆಗೆ ನೆಂಟರು ಬಂದಿದ್ದರು, ಗುಡವಿಗೆ ಹಕ್ಕಿ ನೋಡಲು ಹೊರಟಿದ್ದರು, ಬುತ್ತಿಯ ಪಾತ್ರೆಗಳನ್ನು ಹಿಡಿದುಕೊಳ್ಳಲು ಒಬ್ಬ ಬೇಕಾಗಿತ್ತು. ಮರುದಿನ ಶಾಲೆಯಲ್ಲಿ ಭೀಮಣ್ಣ, ಯಾರೂ ಕೇಳದಿದ್ದರೂ, ನಮ್ಮಪ್ಪ ಕಾರಿನಲ್ಲಿ ಗುಡವಿಗೆ ಹೋಗಿದ್ದ ಎಂದು ಹೇಳಿದ. "ಕಾರಿನಾಗೆ ಎಲ್ಲಿ ಕೂತಿದ್ದ?" ಎಂದು ಯಾವನೋ ಒಬ್ಬ ಕೇಳಿದ. ಕೇಳಿದವನಿಗೆ ಗೊತ್ತಿತ್ತು, ಅವನು ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದ. ಮುಚ್ಚಳ ತೆರೆದ ಡಿಕ್ಕಿಯಲ್ಲಿ ಪಾತ್ರೆಗಳ ನಡುವೆ ಕೂತು, ಕಾಲು ಹೊರಗೆ ಇಳಿಬಿಟ್ಟುಕೊಂಡು, ಸಾರು ಚೆಲ್ಲದಂತೆ ತಪ್ಪಲೆಯನ್ನು ಅವುಚಿ ಹಿಡಿದುಕೊಂಡು ಹೋದ ಕೆಂಪಪ್ಪನನ್ನು ಅರ್ಧ ಊರು ನೋಡಿತ್ತು. "ಹಿಂದೆ ಕೂತಿದ್ದ" ಎಂದ ಭೀಮಣ್ಣ. ಅದು ಸುಳ್ಳಲ್ಲ. ಹುಡುಗರು ನಕ್ಕರು. ಈಗ ನಲವತ್ತು ದಾಟಿದ ಮೇಲೂ, ಆ ಮಾತು ಸುಳ್ಳಲ್ಲದೆ ಇದ್ದದ್ದೇ ಅವನನ್ನು ಹೆಚ್ಚು ಕಾಡುತ್ತದೆ. ಸುಳ್ಳು ಹೇಳಿದ್ದರೆ ಮರೆತುಹೋಗುತ್ತಿತ್ತೇನೋ.

ಅದಕ್ಕೇ ಈ ರೆಕ್ಸಿನ್. ಸಾಹುಕಾರರ ಮೊಣಕೈ ಊರಿ ಊರಿ ಕೈಯೊರಗಿನಲ್ಲಿ ಒಂದು ಗುಳಿ ಬಿದ್ದಿತ್ತು. ಬಟ್ಟಲಿನಂತೆ, ಬೇರೆ ಯಾರೇ ಕೂತರೂ ಮೊಣಕೈ ತಾನಾಗಿ ಅಲ್ಲಿಗೇ ಜಾರುತ್ತಿತ್ತು. ಸೀಟಿನ ತಲೆಯೊರಗಿನಲ್ಲಿ ಅವರ ತಲೆಯ ಎಣ್ಣೆಯ ಕಪ್ಪು ಕಲೆ. ಚಾವಣಿಯ ಬಟ್ಟೆ ಜೋತುಬಿದ್ದು ಕೂತವರ ತಲೆಗೆ ತಾಗುತ್ತಿತ್ತು. ಚಾವಣಿ ಮತ್ತು ಸೀಟಿನ ಕೆಲಸ ಹೇಗೋ ಮುಗಿದಿತ್ತು. ಈ ಎಡಬಾಗಿಲೊಂದು ಹೊಸದಾದರೆ ಅಪ್ಪನಿಗೆ ಆ ಜಾಗ ಸಾಹುಕಾರರದ್ದು ಅನ್ನಿಸಲಿಕ್ಕಿಲ್ಲ, ನಾಳೆ ಕೂತಾನು, ಕೂತೇ ಕೂರುತ್ತಾನೆ. ಹಾಗೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ರಮಾಬಾಯಿ ಇದಕ್ಕೂ ಒಂದು ಮಾತು ಒಗೆಯುತ್ತಿದ್ದಳು, ಆ ಮಾತು ಸರಿಯಾಗಿಯೂ ಇರುತ್ತಿತ್ತು.

"ಏನ್ ಭೀಮಣ್ಣ, ಕಾರಿಂದು ಹೊಟ್ಟಿ ಬಗ್ದು ಮಲಗಿಸೀರಲ್ರೀ! ಆಪರೇಷನ್ನಾ?" ಪಕ್ಕದ ಮನೆಯ ಹನುಮಂತಪ್ಪ ಕಾಂಪೌಂಡಿನ ಮೇಲೆ ಗದ್ದ ಇಟ್ಟು ಕೇಳಿದ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ದನಿ ಇನ್ನೂ ಹಿಂದಿನ ಸೀಟಿನವರೆಗೆ ಕೇಳುವಂತಿತ್ತು.

"ಹಂಗೇನಿಲ್ರಿ. ಸ್ವಲ್ಪ ರೆಕ್ಸಿನ್ ಹಾಕನ ಅಂತ."

"ಹಾಕ್ರಿ ಹಾಕ್ರಿ. ಆದ್ರೆ ಒಂದು ಮಾತು. ಅಪ್ಪಾರು ಹಿಂದೆ, ನೀವು ಮುಂದೆ. ನೋಡಿದೋರು ಭೀಮಣ್ಣ ಡ್ರೈವರ್ ಕೆಲ್ಸಕ್ಕೆ ಸೇರ್ಕಂಡಾನೆ, ಕೆಂಪಪ್ಪ ಸಾಹುಕಾರ್ರು ಭಾಳ ಚಲೋ ಸಂಬಳ ಕೊಡ್ತಾರೆ ಅಂತಾರೆ ನೋಡ್ರಿ!"

ಭೀಮಣ್ಣನೂ ನಕ್ಕ. ಅವನಿಗಿಂತ ತುಸು ಹೆಚ್ಚೇ ನಕ್ಕ. ನಕ್ಕ ಮೇಲೆ ಯಾಕೆ ನಕ್ಕೆ ಎಂದು ನೊಂದ. ಜಗಲಿಯ ಕಲ್ಲಿನ ಮೇಲೆ ಕೂತಿದ್ದ ಕೆಂಪಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಗೋಣಿಚೀಲದ ಮೇಲಿನ ಒಳಹಲಗೆಯನ್ನೇ ನೋಡುತ್ತಿದ್ದ, ಯಾರೋ ಪರಿಚಯದವರನ್ನು ಮಲಗಿಸಿದ್ದಾರೆ ಎಂಬಂತೆ. "ಏನಾಗಿತ್ತದಕ್ಕೆ? ಚಲೋನೇ ಇತ್ತಲ್ಲ," ಎಂದ, ಯಾರಿಗೂ ಅಲ್ಲದೆ. ಮೂರು ದಿನದಿಂದ ಇದೇ ಮಾತು. ಆ ಗುಳಿಬಿದ್ದ, ಬಿರುಕುಬಿಟ್ಟ, ಸಾಹುಕಾರರ ಮೊಣಕೈಯ ವಸ್ತು ಅಪ್ಪನಿಗೆ ಚಲೋ ಆಗಿತ್ತು. ಭೀಮಣ್ಣ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಮತ್ತೆ ಮೊದಲಿನಿಂದ. ಬ್ಲೇಡಿನಿಂದ ಪ್ಲಾಸ್ಟಿಕ್ಕಿನ ಮೈಯನ್ನೇ ಹೆರೆದ. ಹೆರೆದದ್ದು ಪುಡಿಯಾಗಿ ಉದುರುವ ಬದಲು ಮೇಣದಂತೆ ಬ್ಲೇಡಿಗೆ ಮೆತ್ತಿಕೊಂಡಿತು. ಹಳೆಯ ಬನಿಯನ್ನಿಗೆ ಥಿನ್ನರ್ ಹಾಕಿ ತಿಕ್ಕಿದ. ಬಟ್ಟೆ ಹಳದಿಗೆ ತಿರುಗಿತು. ಇನ್ನೊಂದು ಕಡೆ ಮಡಿಸಿ ತಿಕ್ಕಿದ, ಮತ್ತೆ ಹಳದಿ. ತಿಕ್ಕಿದಷ್ಟೂ ಬರುತ್ತಿತ್ತು, ಪ್ಲಾಸ್ಟಿಕ್ಕೇ ಬೆವರುತ್ತಿದೆಯೇನೋ ಎಂಬಂತೆ. ಥಿನ್ನರಿನ ಘಾಟು ಆರಿಹೋದ ಮೇಲೆ ಬಟ್ಟೆಯಿಂದ ಬೇರೊಂದು ವಾಸನೆ ಬಂತು. ಮೂಗಿನ ಹತ್ತಿರ ತಂದ. ಇನ್ನೂ ಹತ್ತಿರ ತಂದ. ಕತ್ತಲಾಗುವ ಹೊತ್ತಿಗೆ ಬಾಗಿಲು ದೂಡಿಕೊಂಡು ಒಳಗೆ ಬರುತ್ತಿದ್ದ ವಾಸನೆ. ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಇಡೀ ಮನೆಗೆ ಹರಡುತ್ತಿದ್ದ, ಸ್ವಲ್ಪ ಸಿಹಿ, ಸ್ವಲ್ಪ ಮುಗ್ಗು ವಾಸನೆ. ಅದರೊಳಗೆ ಮುಖ ಇಟ್ಟು ಅವನೂ ಬಂಗಾರಮ್ಮನೂ ನಿದ್ದೆ ಹೋಗುತ್ತಿದ್ದ ವಾಸನೆ. ತವುಡು. ಅಕ್ಕಿಯ ತವುಡು.

"ಈಗ ಮೂಸ್ಕಂತ ಕೂತ್ರಾ! ಸಂಘಮಿತ್ರಾ, ನಿಮ್ಮಪ್ಪನ್ನ ನೋಡೆ," ಎಂದಳು ರಮಾಬಾಯಿ.

ಭೀಮಣ್ಣ ಬಟ್ಟೆ ಹಿಡಿದುಕೊಂಡೇ ಜಗಲಿಗೆ ಹೋದ. "ಅಪ್ಪಾ, ಈ ಕಾರಿಗೆ ಏನು ಹಚ್ತಿದ್ದೆ ನೀನು?"

ಕೆಂಪಪ್ಪನ ಮುಖ ಒಮ್ಮೆಲೇ ಅರಳಿತು. ಕಾರು ಬಂದಾಗಿನಿಂದ ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೂ ಮಗ ಕೇಳಿದ್ದ. "ತವುಡು. ಮಿಷನ್ನಿಂದ ಬಿಸಿಬಿಸಿ ಬೀಳ್ತಿತ್ತಲ್ಲ, ಅದನ್ನ ಬಟ್ಟಿಯಾಗೆ ಗಂಟು ಕಟ್ಟಿ ತಿಕ್ಕಬೇಕು. ಎಣ್ಣಿ ಹಚ್ಚಿದ್ರೆ ಧೂಳು ಹಿಡೀತೈತಿ. ಇದು ಹಂಗಲ್ಲ. ಒಳಗೆ ಇಳೀತೈತಿ. ಮುಖ ಕಾಣ್ತಿತ್ತು ನೋಡು, ಮುಖ!"

"ದಿನಾನೂ?"

"ದಿನಾ. ಬ್ಯಾಸಿಗ್ಯಾಗೆ ಎರಡು ಸಲ."

"ಸಾಹುಕಾರ್ರು ಹೇಳಿದ್ರಾ?"

"ಅವ್ರಿಗೇನು ಗೊತ್ತು? ಅವ್ರು ಹೊರಗೆ ತೊಳಿ ಅಂದಿದ್ರು, ಅಷ್ಟೇ. ಒಳಗಿಂದು ನಾನೇ."

ಆಗ ಭೀಮಣ್ಣನೊಳಗೆ ಏನೋ ಕಳಚಿತು. ಮೂರು ದಿನದ ಬೆನ್ನುನೋವು, ಹನುಮಂತಪ್ಪನ ನಗು, ತಂಗಿಯ ಫೋನು, ಕೈಬೆರಳ ತುಂಬ ಅಂಟು. ಎಲ್ಲ ತಿಳಿಯಾಗಿ ಕಾಣಿಸಿತು: ಯಾವ ಅಂಟೂ ಹಿಡಿಯದಂತೆ ಮಾಡಿದ್ದು ಸಾಹುಕಾರರ ಮೊಣಕೈಯಲ್ಲ, ಅಪ್ಪನ ಕೈ. ವರ್ಷಗಟ್ಟಲೆ ಒಳಗಿಳಿದ ತವುಡಿನ ಜಿಡ್ಡು. "ನಿನ್ನಿಂದನೇ ನೋಡಪ್ಪ ಇದು ಅಂಟದೆ ಇರಾದು," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಹೊರಗೆ ತೊಳಿ ಅಂದೋರ ಕಾರಿನ ಒಳಗೆ ಹೋಗಿ ತಿಕ್ಕಿದ್ಯಲ್ಲ, ಒಂದು ದಿನಾನಾದ್ರೂ ಬಾ ಕೂತ್ಕ ಅಂದ್ರಾ ನಿನಗೆ? ಡಿಕ್ಕಿಯಾಗೆ ಕೂರಿಸ್ಕಂಡು ಹೋದ್ರು! ಯಾರಿಗೆ ಅಂತ ತಿಕ್ಕಿದಿ? ನಿಂದಾಗಿತ್ತಾ ಅದು?"

ಕಾಂಪೌಂಡಿನಾಚೆ ಹನುಮಂತಪ್ಪನ ಮನೆಯ ಕುಕ್ಕರು ಕೂಗಿತು. ಕೆಂಪಪ್ಪ ಮಗನನ್ನು ನೋಡಲಿಲ್ಲ. ಕಲ್ಲಿನಿಂದ ಎದ್ದು, ಪಂಚೆ ಕೊಡವಿಕೊಂಡು, "ಈಗ ನಿಂದಾಗೈತಲ್ಲ. ಕಿತ್ತಾಕು," ಎಂದು ಒಳಗೆ ಹೋದ.

ಆಮೇಲೆ ಮಧ್ಯಾಹ್ನವೆಲ್ಲ ಭೀಮಣ್ಣ ಕೆಲಸ ಮಾಡಿದ. ತಪ್ಪು ಮಾಡಿದವನು ಕೆಲಸ ಮಾಡುವ ಹಾಗೆ, ತಲೆ ಎತ್ತದೆ. ಬಿಸಿನೀರು, ಸೋಡಾಪುಡಿ, ಮತ್ತೆ ಥಿನ್ನರ್. ಪ್ರತಿಸಲ ತಿಕ್ಕಿದಾಗಲೂ ಆ ವಾಸನೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಅದಕ್ಕೆ ಸಮಾಧಾನಪಡಬೇಕಾದವನಿಗೆ, ತಾನು ಏನೋ ತೊಳೆಯಬಾರದ್ದನ್ನು ತೊಳೆಯುತ್ತಿದ್ದೇನೆ ಅನ್ನಿಸುತ್ತಿತ್ತು. ನಡುವೆ ಒಮ್ಮೆ ಎದ್ದು ಕಾರಿನ ಹತ್ತಿರ ಹೋಗಿ, ಬಾಗಿಲು ತೆರೆದು ಹೊರಗೆ ನಿಂತು, ಒಳಮೈಯನ್ನು ತಿಕ್ಕುವವನಂತೆ ಬರಿಗೈ ಆಡಿಸಿ ನೋಡಿದ. ಬಾಗಿಲನ್ನು ಹೊರಗೆ ನಿಂತೇ ತಿಕ್ಕಬಹುದು. ಡ್ಯಾಷ್‌ಬೋರ್ಡಿಗೆ ಬಗ್ಗಬೇಕು, ಬಗ್ಗಿದರೂ ಕೈ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ತಿಕ್ಕಬೇಕೆಂದರೆ ಒಂದು ಮಂಡಿಯನ್ನಾದರೂ ಸೀಟಿಗೆ ಊರಬೇಕು. ಅಪ್ಪ ಊರುತ್ತಿದ್ದನೇ? ಗಿರಣಿಯ ಹಿಂದಿನ ಷೆಡ್ಡು, ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋದ ಹೊತ್ತು, ಬಾಗಿಲು ಮುಚ್ಚಿಕೊಂಡ ಕಾರು, ಒಳಗೆ ಬಿಸಿ ತವುಡಿನ ಗಂಟು ಹಿಡಿದ ಒಬ್ಬ ಮನುಷ್ಯ. ಅಲ್ಲಿಗೆ ಭೀಮಣ್ಣನ ಕಲ್ಪನೆ ನಿಂತುಹೋಯಿತು. ಒಳಗಿದ್ದ ಮನುಷ್ಯನ ಮುಖ ಕಾಣಲಿಲ್ಲ. ರಮಾಬಾಯಿ ಊಟಕ್ಕೆ ಕರೆದಳು. ಕೆಂಪಪ್ಪ ಆಗಲೇ ಉಂಡು ಗೋಡೆಯ ಕಡೆ ತಿರುಗಿ ಮಲಗಿದ್ದ. "ಹಿರೇರ ಹತ್ರ ಹಂಗೆ ಮಾತಾಡ್ತಾರೇನ್ರೀ?" ಎಂದು ತಟ್ಟೆ ಇಡುತ್ತ ಅವಳು ಮೆಲ್ಲಗೆ ಅಂದಳು. ಈ ಸಲ ಗೇಲಿ ಇರಲಿಲ್ಲ. ಅವನಿಗೆ ಅದಕ್ಕಿಂತ ಗೇಲಿಯೇ ಬೇಕಾಗಿತ್ತು.

ಸಂಜೆ ಅಂಟಿಸಿದ. ಭಾನುವಾರ ಬೆಳಿಗ್ಗೆ ಇಟ್ಟಿಗೆ ಎತ್ತಿದಾಗ ರೆಕ್ಸಿನ್ ಕದಲಲಿಲ್ಲ. ಒಳಹಲಗೆಯನ್ನು ಬಾಗಿಲಿಗೆ ಕೂರಿಸಿ ಸ್ಕ್ರೂ ಬಿಗಿದು, ಉಗುರಿನಿಂದ ಅಂಚನ್ನು ಕೆರೆದು ನೋಡಿದ. ಗುಳಿ ಇಲ್ಲ, ಬಿರುಕಿಲ್ಲ, ಸಪಾಟು, ಕಪ್ಪು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅಪ್ಪನಿಗೆ ಹೇಳುವ ಬಾಯಿ ಇರಲಿಲ್ಲ. ಮುಂದಿನ ಬಾಗಿಲು ತೆರೆದು ಹಿಡಿದು ನಿಂತ, ಅಷ್ಟೇ. ಬಾ ಎಂದು ಅನ್ನಲಿಲ್ಲ. ನಿನ್ನೆಯ ಮಾತಿನ ಮೇಲೆ ಇವತ್ತು ಬಾ ಕೂತ್ಕ ಎಂದರೆ ಅದು ಏನಾಗಿ ಕೇಳಿಸೀತು? ಕೆಂಪಪ್ಪ ಹೊಸ ಅಂಗಿ ತೊಟ್ಟಿದ್ದ, ಚಪ್ಪಲಿ ಹಾಕಿದ್ದ. ತೆರೆದ ಬಾಗಿಲನ್ನು ನೋಡಿದ, ಪಕ್ಕದಿಂದ ಹಾದು, ಹಿಂದಿನ ಬಾಗಿಲು ತೆಗೆದು, ಸಂಘಮಿತ್ರಾಳ ಪಕ್ಕದ ಮೂಲೆಯಲ್ಲಿ ಕೂತ. ಭೀಮಣ್ಣ ಮುಂದಿನ ಬಾಗಿಲು ಮುಚ್ಚಿದ. ಮುಚ್ಚುವಾಗ ರೆಕ್ಸಿನ್ ಎದ್ದೀತೆಂದು ಮೆಲ್ಲಗೆ ಮುಚ್ಚಿದ.

ಮುಂದಿನ ಸೀಟು ಖಾಲಿ. ಹಿಂದೆ ಮೂವರು, ರಮಾಬಾಯಿಯ ತೊಡೆಯ ಮೇಲೆ ಉಡುಗೊರೆಯ ಹಿತ್ತಾಳೆ ಕೊಡ. ರಸ್ತೆಯ ಅಂಚಿನುದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು, ಚಕ್ರ ಅದರ ಮೇಲೆ ಹತ್ತದಂತೆ ಭೀಮಣ್ಣ ನಡುವಿನಲ್ಲೇ ಹೋಗುತ್ತಿದ್ದ, ಹಿಂದಿನ ಲಾರಿಯವನು ಬೈದು ಮುಂದೆ ಹೋದ. ತಾಳಗುಂದದ ತಿರುವಿನ ಹತ್ತಿರ ಬಿಸಿಲು ಎಡಗಡೆಯ ಗಾಜಿಗೆ ನೇರ ಬಿತ್ತು. ಟಪ್ ಎಂದು ಸಣ್ಣ ಸದ್ದು. ನೋಡಬಾರದೆಂದುಕೊಂಡ. ನೋಡಿದ. ಕೈಯೊರಗಿನ ಅಂಚು ಎದ್ದು, ಬಿಸಿಲಿಗೆ ಸಾವಕಾಶ ಸುರುಳಿಯಾಗುತ್ತಿತ್ತು. ಸ್ಟೀರಿಂಗಿನಿಂದ ಒಂದು ಕೈ ಬಿಟ್ಟು ಖಾಲಿ ಸೀಟಿನ ಮೇಲೆ ಬಾಗಿ ಒತ್ತಲು ಹೋದ; ಕಾರು ಜೋಳದ ರಾಶಿಯ ಕಡೆಗೆ ಎಳೆಯಿತು.

"ರೀ! ಎಲ್ಲಿ ಹೋಗ್ತೀರಿ!" ಎಂದು ರಮಾಬಾಯಿ ಕಿರುಚಿದಳು.

"ನಿಲ್ಸು," ಎಂದ ಕೆಂಪಪ್ಪ.

ಕಾರು ನಿಂತಿತು. ಕೆಂಪಪ್ಪ ಇಳಿದ, ಮುಂದಿನ ಬಾಗಿಲು ತೆಗೆದು ಕೂತ. ಕೂತವನು ಕಣ್ಣು ಹಾಯಿಸದೆಯೇ ಸೀಟಿನ ಅಡಿಗೆ ಕೈ ಹಾಕಿ, ಅಲ್ಲಿದ್ದ ಸರಳನ್ನು ಎತ್ತಿ, ಸೀಟನ್ನು ಹಿಂದಕ್ಕೆ ಸರಿಸಿಕೊಂಡ. ಬಾಗಿಲು ಎಳೆದುಕೊಂಡ. ಮುಂಗೈಯನ್ನು ಮೊಣಕೈಯವರೆಗೆ ರೆಕ್ಸಿನ್ನಿನ ಮೇಲೆ ಉದ್ದಕ್ಕೆ ಇಟ್ಟು ಭಾರ ಬಿಟ್ಟ.

"ನಡಿ. ನಾ ಹಿಡ್ಕಂತೀನಿ."

ಸೊರಬದವರೆಗೆ ಅವನು ಕೈ ತೆಗೆಯಲಿಲ್ಲ. ಸೆಕೆಯಾದಾಗ ಇನ್ನೊಂದು ಕೈಯಿಂದ ಗಾಜು ಇಳಿಸಿದ. ಬೆನ್ನು ಸೀಟಿಗೆ ಒರಗಿತ್ತು. ಭೀಮಣ್ಣ ರಸ್ತೆಯನ್ನೇ ನೋಡುತ್ತಿದ್ದ. ಕ್ಷಮೆ ಕೇಳಬೇಕೆಂದು ಪ್ರತಿ ಊರು ಬಂದಾಗಲೂ ಅಂದುಕೊಳ್ಳುತ್ತಿದ್ದ, ಊರು ದಾಟಿಹೋಗುತ್ತಿತ್ತು. ಒಮ್ಮೆ ಕೆಂಪಪ್ಪನೇ, "ಈ ಗೇರು ಯಾವಾಗ್ಲೂ ಹಿಂಗೇ. ಸದ್ದು ಮಾಡ್ತೈತಿ, ಏನಾಗಲ್ಲ," ಎಂದ.

ಬಂಗಾರಮ್ಮನ ಮನೆಯ ಮುಂದೆ ಪೆಂಡಾಲು, ಕುರ್ಚಿ, ಜನ. ಕಾರು ನಿಲ್ಲುತ್ತಲೇ ಎಲ್ಲರೂ ತಿರುಗಿದರು. ಇಳಿಸಿದ ಗಾಜಿನಲ್ಲಿ ಅವರಿಗೆ ಕಂಡದ್ದು ಕೆಂಪಪ್ಪನ ಮೊಣಕೈ, ಆಮೇಲೆ ಕೆಂಪಪ್ಪ. "ಅಯ್ಯಯ್ಯೋ ಅಪ್ಪಾ! ಎಂಥ ಚಂದ ಮುಂದೆ ಕೂತ್ಕಂಡು ಬಂದ್ಯಾ!" ಎಂದು ಬಂಗಾರಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. ಹೋದ ಸಲ ನಕ್ಕಿದ್ದ ಅವಳ ಭಾವನೂ ಎದ್ದುಬಂದು, ಕಿಟಕಿಗೆ ಬಾಗಿ, "ಬರ್ರಿ ಮಾವಾರೇ, ಇಳೀರಿ," ಎಂದ.

"ನೀವು ನಡೀರಿ," ಎಂದ ಕೆಂಪಪ್ಪ. "ಈಗ ಹಿಡ್ಕಂಡೈತಿ. ಬಿಸಿ ಆರೋಮಟ ಕೈ ತೆಗೆಯಂಗಿಲ್ಲ."

ಉಳಿದವರು ಇಳಿದರು. ಅವನು ಕೂತೇ ಇದ್ದ. ಅವನು ಇಳಿಯದ್ದಕ್ಕೆ ನೆಂಟರು ಒಬ್ಬೊಬ್ಬರಾಗಿ ಕಾರಿನ ಹತ್ತಿರವೇ ಬಂದು, ಬಾಗಿ ಮಾತಾಡಿಸಿದರು. ಯಾರೋ ಪಾನಕ ತಂದು ಕಿಟಕಿಯಲ್ಲಿ ಕೊಟ್ಟರು. ಕೆಂಪಪ್ಪ ಬಲಗೈಯಲ್ಲಿ ಲೋಟ ಹಿಡಿದು, ಎಡಗೈ ಎತ್ತದೆ, ಎಲ್ಲರಿಗೂ ತಲೆಯಾಡಿಸುತ್ತಿದ್ದ. ಭೀಮಣ್ಣ ಪೆಂಡಾಲಿನ ಕಂಬ ಹಿಡಿದು ನಿಂತು ನೋಡಿದ. ಅಪ್ಪ ಅಲ್ಲಿ ಕೂತಿರುವುದು ತನಗೇ ಕೂರಬೇಕೆನ್ನಿಸಿಯೋ, ಮಗ ಕೆಡಿಸಿಟ್ಟ ಕೆಲಸವನ್ನು ಹಿಡಿದುಕೊಂಡಿರಬೇಕೆಂದೋ? ಸಾರಿನ ತಪ್ಪಲೆ ಹಿಡಿದುಕೊಂಡಂತೆಯೇ ಇದೂ ಒಂದೋ? ಆ ಸೀಟಿನಲ್ಲಿ ಅವನು ಕೂತದ್ದು ಇದೇ ಮೊದಲೋ ಅಲ್ಲವೋ? ಹೋಗಿ ಕೇಳಬಹುದಿತ್ತು. ಭೀಮಣ್ಣ ಕೇಳಲಿಲ್ಲ. ನನಗೂ ಗೊತ್ತಿಲ್ಲ.